ಮಧುತ್ಯಾಗದ ನಾಡಿನಲ್ಲಿ ಖರ್ಜೂರ: ಸಿಹಿಯ ಪರಿಮಾಣದ ವಿಚಾರ

ಮನುಷ್ಯನ ನಾಲಿಗೆಗೆ ಸಿಹಿಯ ಮೇಲಿರುವ ಮೋಹ ಇಂದಿನದಲ್ಲ. ಆ ಮೋಹವನ್ನು ತಣಿಸುವ ಪದಾರ್ಥಗಳು ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಒಂದು ಕಾಲಕ್ಕೆ ಜೇನು, ಆಮೇಲೆ ಬೆಲ್ಲ, ಅದಾದ ಮೇಲೆ ಕಾರ್ಖಾನೆಯ ಬಿಳಿ ಸಕ್ಕರೆ. ಈಗ ಸಕ್ಕರೆಯ ದೋಷಗಳು ಮನೆಮಾತಾಗಿರುವುದರಿಂದ ಅನೇಕ ಕುಟುಂಬಗಳು ಖರ್ಜೂರದ ಕಡೆಗೆ ತಿರುಗಿವೆ. ಆಳಂದ, ಅಫಜಲಪುರ, ಜೇವರ್ಗಿಗಳ ಪೇಟೆಯ ಕಿರಾಣಿ ಅಂಗಡಿಗಳಲ್ಲಿ ಹಿಂದೆ ಹಬ್ಬಕ್ಕೆ, ಬಾಣಂತನಕ್ಕೆ, ರಂಜಾನ್ ತಿಂಗಳಿಗೆ ಮಾತ್ರ ಹೆಚ್ಚಾಗಿ ಮಾರಾಟವಾಗುತ್ತಿದ್ದ ಈ ಹಣ್ಣು ಇಂದು ವರ್ಷವಿಡೀ ದೊರೆಯುತ್ತದೆ. ಸಕ್ಕರೆ ಬಿಟ್ಟಿದ್ದೇವೆ, ಖರ್ಜೂರ ನಿಸರ್ಗದತ್ತವಾದುದು, ಎಷ್ಟು ತಿಂದರೂ ಬಾಧೆಯಿಲ್ಲ ಎಂಬ ಮಾತು ವಿದ್ಯಾವಂತರ ಮನೆಗಳಲ್ಲಿಯೂ ಕೇಳಿಬರುತ್ತದೆ.

ಈ ಮಾತಿನ ಮೊದಲ ಭಾಗ ಒಪ್ಪತಕ್ಕದ್ದು. ಕೊನೆಯ ಭಾಗ ವಿಚಾರಾರ್ಹವಾದುದು. ಒಂದು ಪದಾರ್ಥವನ್ನು ಬಿಟ್ಟು ಅದರ ಸ್ಥಾನದಲ್ಲಿ ಇನ್ನೊಂದನ್ನು ತಂದುಕೊಳ್ಳುವುದರಿಂದ ತ್ಯಾಗವು ಪೂರ್ಣವಾಗುವುದೇ? ಈ ಪ್ರಶ್ನೆ ಕಲಬುರಗಿ ಸೀಮೆಗೆ ಹೊಸದೇನೂ ಅಲ್ಲ. ಸಾವಿರದ ನೂರೈವತ್ತು ವರ್ಷಗಳಷ್ಟು ಹಿಂದೆಯೇ ಈ ನೆಲದ ರಾಜಸಭೆಯ ಸುತ್ತ ಆಹಾರ, ಔಷಧ ಮತ್ತು ಅಹಿಂಸೆಗಳ ಸಂಬಂಧ ಕುರಿತು ಗಂಭೀರವಾದ ಚಿಂತನೆ ನಡೆದಿತ್ತು.

ಮಾನ್ಯಖೇಟದ ಆಸ್ಥಾನ

ಆಳಂದವು ಕಲಬುರಗಿಯ ವಾಯವ್ಯಕ್ಕೂ, ಅಫಜಲಪುರವು ಪಶ್ಚಿಮದಲ್ಲಿ ಭೀಮಾತೀರದ ಕಡೆಗೂ, ಜೇವರ್ಗಿಯು ದಕ್ಷಿಣದಲ್ಲಿ ಭೀಮೆಯನ್ನು ದಾಟಿದ ಮೇಲೂ ಸಿಗುವ ತಾಲ್ಲೂಕು ಕೇಂದ್ರಗಳು. ಕಲಬುರಗಿಯಿಂದ ಪೂರ್ವದ ಕಡೆಗೆ ಹೊರಟರೆ ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಮೇಲೆ ಮಳಖೇಡ ಎದುರಾಗುತ್ತದೆ. ಇದೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಲ್ಲಿಯ ನೇಮಿನಾಥ ಬಸದಿ ಇಂದಿಗೂ ಆ ವೈಭವದ ನೆನಪನ್ನು ಉಳಿಸಿಕೊಂಡಿದೆ. ಮೂರೂ ತಾಲ್ಲೂಕುಗಳ ನೆಲವು ಈ ರಾಜಧಾನಿಯ ಆಸುಪಾಸಿನ ನಾಡೇ ಆಗಿತ್ತು. ಮುಂದೆ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ಆಳಂದ ಪ್ರದೇಶವು ಅಲಂದೆ ಸಾಸಿರ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ಈ ಜಿಲ್ಲೆಯ ಜೈನ ಶಾಸನಗಳನ್ನೂ ಅವಶೇಷಗಳನ್ನೂ ಶ್ರಮವಹಿಸಿ ಬೆಳಕಿಗೆ ತಂದವರಲ್ಲಿ ಡಾ. ಪಿ. ಬಿ. ದೇಸಾಯಿಯವರು ಪ್ರಮುಖರು. 1957ರಲ್ಲಿ ಪ್ರಕಟವಾದ ಅವರ ಗ್ರಂಥವು ಈ ಭಾಗದ ಜೈನ ಇತಿಹಾಸಕ್ಕೆ ಇಂದಿಗೂ ಆಧಾರವಾಗಿದೆ.

ಒಂಬತ್ತನೆಯ ಶತಮಾನದಲ್ಲಿ ಸುಮಾರು 64 ವರ್ಷಗಳ ಕಾಲ ಆಳಿದ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿ ಕವಿರಾಜಮಾರ್ಗವೂ ಮಹಾವೀರಾಚಾರ್ಯರ ಗಣಿತಸಾರಸಂಗ್ರಹವೂ ರಚಿತವಾದುದು ಸರ್ವವಿದಿತ. ಅದೇ ಕಾಲದ ವೈದ್ಯಗ್ರಂಥವೊಂದು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅದು ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕ. ಶ್ರೀನಂದಿ ಆಚಾರ್ಯರ ಶಿಷ್ಯರಾದ ಉಗ್ರಾದಿತ್ಯರು ಈ ಸಂಸ್ಕೃತ ಗ್ರಂಥವನ್ನು ರಾಮಗಿರಿಯಲ್ಲಿ ರಚಿಸಿದರು. ಇದರ ವೈಶಿಷ್ಟ್ಯವೆಂದರೆ ಚಿಕಿತ್ಸೆಯಲ್ಲಿ ಮದ್ಯ, ಮಾಂಸ, ಮಧು ಈ ಮೂರಕ್ಕೂ ಸ್ಥಾನವಿಲ್ಲದಿರುವುದು. ಗ್ರಂಥದ ಕೊನೆಗೆ ಸೇರಿರುವ ಹಿತಾಹಿತಾಧ್ಯಾಯದಲ್ಲಿ, ನೃಪತುಂಗವಲ್ಲಭನ ಸಭೆಯಲ್ಲಿ ವೈದ್ಯರ ಸಮ್ಮುಖದಲ್ಲಿ ಮಾಂಸಾಹಾರದ ನಿಷ್ಫಲತೆಯನ್ನು ಪ್ರತಿಪಾದಿಸಿದ ಸಂಗತಿ ಬರುತ್ತದೆ. ಈ ನೃಪತುಂಗನು ಅಮೋಘವರ್ಷನೇ ಎಂಬುದು ವಿದ್ವಾಂಸರ ಮತ. ಈ ಗ್ರಂಥವು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಹಿಂದೀ ಅನುವಾದದೊಡನೆ 1940ರಲ್ಲಿ ಪ್ರಕಟವಾಯಿತು. ಪ್ರಕಟವಾದುದು ಆಳಂದ, ಅಫಜಲಪುರಗಳಿಗೆ ನೆರೆಯ ದೊಡ್ಡ ಪೇಟೆಯಾದ ಸೊಲ್ಲಾಪುರದಲ್ಲಿ ಎಂಬುದು ಸ್ಮರಣೀಯ.

ಆಯುರ್ವೇದದಲ್ಲಿ ಜೇನು ಎಷ್ಟು ಮುಖ್ಯವಾದ ಅನುಪಾನವೆಂಬುದನ್ನು ಬಲ್ಲವರಿಗೆ ಈ ತ್ಯಾಗದ ತೂಕ ತಿಳಿಯುತ್ತದೆ. ಅಸಂಖ್ಯ ಚೂರ್ಣಗಳನ್ನೂ ಲೇಹ್ಯಗಳನ್ನೂ ಜೇನಿನಲ್ಲಿಯೇ ಕೊಡುವುದು ವಾಡಿಕೆ. ಜೇನು ಹಿಂಡುವಾಗ ಗೂಡಿನಲ್ಲಿರುವ ಮರಿಗಳೂ ಹುಳುಗಳೂ ನಾಶವಾಗುತ್ತವೆಂಬ ಒಂದೇ ಕಾರಣಕ್ಕೆ ವೈದ್ಯಶಾಸ್ತ್ರದ ಈ ಸುಲಭ ಸಾಧನವನ್ನು ಜೈನಾಚಾರ್ಯರು ಬಿಟ್ಟುಕೊಟ್ಟರು. ಹನ್ನೆರಡನೆಯ ಶತಮಾನದ ಸುಮಾರಿಗೆ ಜಗದ್ದಳ ಸೋಮನಾಥನು ಪೂಜ್ಯಪಾದರ ಪರಂಪರೆಯನ್ನು ಅನುಸರಿಸಿ ಕನ್ನಡದಲ್ಲಿ ರಚಿಸಿದ ಕರ್ನಾಟಕ ಕಲ್ಯಾಣಕಾರಕವೂ ಇದೇ ದಾರಿಯಲ್ಲಿ ನಡೆಯಿತು. ರೋಗಿಯ ಹಿತಕ್ಕಾಗಿಯಾದರೂ ಮತ್ತೊಂದು ಜೀವಕ್ಕೆ ನೋವಾಗಬಾರದೆಂಬ ನಿಲುವು ಇಲ್ಲಿ ಶಾಸ್ತ್ರದ ರೂಪ ತಾಳಿತು.

ಸಿಹಿಯು ನಿಷಿದ್ಧವಲ್ಲ

ಹಾಗೆಂದು ಜೈನಧರ್ಮವು ಸಿಹಿಯನ್ನೇ ದೋಷವೆಂದು ಎಣಿಸಿತೆಂದು ತಿಳಿಯಬಾರದು. ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ಭಗವಾನ್ ವೃಷಭನಾಥರ ಪಾರಣೆಯ ಪ್ರಸಂಗವನ್ನು ವಿಸ್ತಾರವಾಗಿ ವರ್ಣಿಸಿದ್ದಾರೆ. ದೀರ್ಘಕಾಲ ನಿರಾಹಾರರಾಗಿದ್ದ ಭಗವಂತರಿಗೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನು ಅರ್ಪಿಸಿದ್ದು ಕಬ್ಬಿನ ಹಾಲು. ಅಕ್ಷಯ ತೃತೀಯೆಯ ಆಚರಣೆಗೆ ಮೂಲವಾದ ಈ ದಾನವೇ ಈ ಯುಗದ ಮೊದಲ ಆಹಾರದಾನವೆಂದು ಪರಂಪರೆ ಹೇಳುತ್ತದೆ. ಬಸದಿಗಳ ಅಭಿಷೇಕದಲ್ಲಿಯೂ ಜೇನಿಗೆ ಎಡೆಯಿಲ್ಲ, ಇಕ್ಷುರಸಕ್ಕೆ ಉಂಟು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಭಗವಂತರು ಆ ರಸವನ್ನು ಸ್ವೀಕರಿಸಿದ್ದು ಪಾತ್ರೆಯಲ್ಲಲ್ಲ, ಜೋಡಿಸಿದ ಅಂಗೈಗಳಲ್ಲಿ. ದಿಗಂಬರ ಮುನಿಗಳು ಇಂದಿಗೂ ಪಾಲಿಸುವ ಕರಪಾತ್ರ ವಿಧಿಯಲ್ಲಿ ಅಂಗೈಯೇ ಅಳತೆ. ಪದಾರ್ಥದ ಶುದ್ಧಿಯೊಡನೆ ಪರಿಮಾಣವೂ ಅಲ್ಲಿ ನಿಶ್ಚಿತವಾಗಿದೆ.

ಖರ್ಜೂರವು ಬಂದ ದಾರಿ

ಖರ್ಜೂರವು ನಮ್ಮ ವೈದ್ಯಶಾಸ್ತ್ರಕ್ಕೆ ಬಹುಕಾಲದಿಂದ ಪರಿಚಿತ. ಚರಕಸಂಹಿತೆಯು ಶ್ರಮವನ್ನು ಪರಿಹರಿಸುವ ಹತ್ತು ದ್ರವ್ಯಗಳನ್ನು ಹೇಳುವಾಗ ದ್ರಾಕ್ಷಿ, ದಾಳಿಂಬೆ, ಕಬ್ಬುಗಳ ಜೊತೆಗೆ ಖರ್ಜೂರವನ್ನೂ ಸೇರಿಸಿದೆ. ಆದರೆ ಒಳ್ಳೆಯ ಜಾತಿಯ ಹಣ್ಣು ಪಕ್ವವಾಗಲು ಉರಿಬಿಸಿಲೂ ಒಣಹವೆಯೂ ಬೇಕು. ಹಣ್ಣು ಮಾಗುವ ಹೊತ್ತಿಗೆ ಮಳೆ ಬಂದರೆ ಅದು ಕೆಡುತ್ತದೆ. ಆದುದರಿಂದ ಅರಬ್ಬೀ ದೇಶಗಳೂ ಇರಾಕ್, ಇರಾನ್‌ಗಳೂ ಇದರ ತವರಾದವು. ಭಾರತದಲ್ಲಿ ಮುಖ್ಯವಾಗಿ ಗುಜರಾತಿನ ಕಛ್ ಪ್ರದೇಶದಲ್ಲಿ ಇದರ ಬೇಸಾಯವಿದೆ.

ಆ ದೇಶಗಳೊಡನೆ ರಾಷ್ಟ್ರಕೂಟರಿಗೆ ಸ್ನೇಹಸಂಬಂಧವಿತ್ತು. ಕ್ರಿ.ಶ. 851ರ ಅರಬ್ಬೀ ವೃತ್ತಾಂತವೊಂದು ಬಲ್ಹರಾ ಎಂಬ ಅರಸನನ್ನು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸುತ್ತದೆ. ರಾಷ್ಟ್ರಕೂಟರ ವಲ್ಲಭರಾಜ ಎಂಬ ಬಿರುದೇ ಅರಬ್ಬರ ಬಾಯಲ್ಲಿ ಬಲ್ಹರಾ ಆಯಿತು. ಹತ್ತನೆಯ ಶತಮಾನದ ಅಲ್ ಮಸೂದಿಯು ಅವನ ರಾಜಧಾನಿಯನ್ನು ಮಾನ್‌ಕೀರ್ ಎಂದು ಕರೆದಿದ್ದಾನೆ, ಅದು ಮಾನ್ಯಖೇಟವೇ. ಕ್ರಿ.ಶ. 926ರ ಚಿಂಚಣಿ ತಾಮ್ರಶಾಸನದ ಪ್ರಕಾರ, ಮೂರನೆಯ ಇಂದ್ರನ ಕಾಲದಲ್ಲಿ ಪಶ್ಚಿಮ ಕರಾವಳಿಯ ಸಂಜಾಣ ಪ್ರದೇಶವನ್ನು ಮಧುಮತಿ ಎಂಬ ತಾಜಿಕ, ಅಂದರೆ ಅರಬ್ಬೀ ಮೂಲದ ಅಧಿಕಾರಿ ನೋಡಿಕೊಳ್ಳುತ್ತಿದ್ದನು. ಮಹಮ್ಮದ್ ಎಂಬ ಹೆಸರೇ ಮಧುಮತಿಯಾಗಿ ಸಂಸ್ಕೃತರೂಪ ಪಡೆದಿದೆ. ಪರಧರ್ಮೀಯ ವ್ಯಾಪಾರಿಗಳಿಗೆ ಜೈನಾಶ್ರಯದ ಅರಸರು ತೋರಿದ ಈ ಔದಾರ್ಯವು ಇತಿಹಾಸದಲ್ಲಿ ಉಲ್ಲೇಖಾರ್ಹವಾದುದು.

1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿಯೇ ರಾಜಧಾನಿಯಾದ ಮೇಲೆ ಪಶ್ಚಿಮ ಏಷ್ಯದೊಡನೆ ಈ ಸೀಮೆಯ ಸಂಬಂಧ ಇನ್ನೂ ನಿಕಟವಾಯಿತು. ಆಳಂದದ ಲಾಡ್ಲೆ ಮಶಾಯಕ್ ದರ್ಗಾ ಆ ಪರಂಪರೆಯ ಕುರುಹು. ರೋಜಾ ಬಿಡುವಾಗ ಕೆಲವೇ ಖರ್ಜೂರಗಳನ್ನು ತಿಂದು ನೀರು ಕುಡಿಯುವ ಮುಸ್ಲಿಂ ಬಾಂಧವರ ಪದ್ಧತಿಯಲ್ಲಿಯೂ ಮಿತಿಯ ಪಾಠವಿದೆ ಎಂಬುದನ್ನು ನೆರೆಹೊರೆಯವರಾದ ಶ್ರಾವಕರು ಗಮನಿಸಬಹುದು.

ಹೀಗೆ ಬಂದ ಹಣ್ಣು ಈ ಭಾಗದ ಬದುಕಿನಲ್ಲಿ ಬೆರೆತುಹೋಯಿತು. ಒಣಗಿದ ಖರ್ಜೂರಕ್ಕೆ ಇಲ್ಲಿ ಉತ್ತತ್ತಿ ಎಂದು ಹೆಸರು, ಖಾರೀಕು ಎಂದೂ ಕರೆಯುವುದುಂಟು. ಕಛ್ ಪ್ರದೇಶದ ಖಾರೇಕ್ ಎಂಬ ಹೆಸರಿಗೂ ಇದಕ್ಕೂ ಇರುವ ಸಾಮ್ಯ ಸ್ಪಷ್ಟ. ಜಾತ್ರೆಯಲ್ಲಿ ತೇರಿನ ಮೇಲೆ ಬಾಳೆಹಣ್ಣಿನೊಡನೆ ಉತ್ತತ್ತಿ ಎಸೆಯುವ ವಾಡಿಕೆ ಉತ್ತರ ಕರ್ನಾಟಕದಲ್ಲೆಲ್ಲ ಇದೆ. ಬಾಣಂತಿಗೆ ಕೊಡುವ ಅಂಟಿನ ಉಂಡಿಯಲ್ಲಿ ಕೊಬ್ಬರಿ, ಬೆಲ್ಲಗಳ ಜೊತೆಗೆ ಉತ್ತತ್ತಿ ಇರಲೇಬೇಕು. ಹಿರಿಯರು ಇದನ್ನು ನಿತ್ಯದ ತಿನಿಸೆಂದು ಬಗೆಯಲಿಲ್ಲ. ಹಬ್ಬಕ್ಕೆ, ಹೆರಿಗೆಗೆ, ದಣಿವಿಗೆ, ರೋಗದಿಂದ ಎದ್ದವರಿಗೆ ಎಂದು ಸಂದರ್ಭವನ್ನು ಗೊತ್ತುಮಾಡಿದ್ದರು.

ಒಂದೇ ಕುಲದ ಎರಡು ಮರ

ಖರ್ಜೂರದ ಹತ್ತಿರದ ಬಂಧುವೊಂದು ನಮ್ಮ ಹಳ್ಳಗಳ ದಂಡೆಯಲ್ಲಿಯೇ ಬೆಳೆಯುತ್ತದೆ. ಅದೇ ಈಚಲು. ಸಸ್ಯಶಾಸ್ತ್ರಜ್ಞರು ಎರಡನ್ನೂ ಫೀನಿಕ್ಸ್ ಎಂಬ ಒಂದೇ ಕುಲಕ್ಕೆ ಸೇರಿಸಿದ್ದಾರೆ. ಈಚಲ ಗರಿಯಿಂದ ಚಾಪೆ, ಕಸಬರಿಗೆಗಳಾಗುತ್ತವೆ. ಅದರ ರಸವನ್ನು ಇಳಿಸಿದ ಕೂಡಲೆ ಕಾಯಿಸಿದರೆ ಬೆಲ್ಲವಾಗುತ್ತದೆ, ಬಂಗಾಳದಲ್ಲಿ ಚಳಿಗಾಲದ ಈ ಬೆಲ್ಲ ಬಹು ಪ್ರಸಿದ್ಧ. ಅದೇ ರಸವನ್ನು ಕೆಲವು ಗಂಟೆ ಹಾಗೆಯೇ ಬಿಟ್ಟರೆ ಹುಳಿತು ಸೇಂದಿಯಾಗುತ್ತದೆ. ಮರ ಒಂದೇ, ರಸ ಒಂದೇ. ಬೆಳಗಿನ ಜಾವದಲ್ಲಿ ಸಿಹಿಯಾಗಿದ್ದುದು ಹೊತ್ತೇರುವಷ್ಟರಲ್ಲಿ ಮದ್ಯ. ಆದುದರಿಂದ ನಿಸರ್ಗದತ್ತವೆಂಬ ಒಂದೇ ಹೆಸರು ಯಾವ ಪದಾರ್ಥಕ್ಕೂ ಸಂಪೂರ್ಣ ಅಭಯಪತ್ರವಾಗಲಾರದು. ಜೇನೂ ನಿಸರ್ಗದತ್ತವೇ, ಸೇಂದಿಯೂ ನಿಸರ್ಗದತ್ತವೇ. ಶ್ರಾವಕನು ಎರಡನ್ನೂ ಬಿಟ್ಟಿದ್ದಾನೆ.

ಕಬ್ಬಿನ ನೆಲದಲ್ಲಿ ಮಧುಮೇಹ

ಒಂದು ಕಾಲಕ್ಕೆ ಜೋಳ, ತೊಗರಿಗಳಿಗೆ ಹೆಸರಾಗಿದ್ದ ಈ ತಾಲ್ಲೂಕುಗಳಲ್ಲಿ ನೀರಾವರಿ ಬಂದ ಕಡೆಗೆ ಕಬ್ಬು ಹಬ್ಬಿದೆ. ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ, ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ ಸಕ್ಕರೆ ಕಾರ್ಖಾನೆಗಳು ಎದ್ದವು. ರೈತನ ಜೀವನಕ್ಕೆ ಕಬ್ಬು ಆಧಾರವಾಗಿರುವುದು ನಿಜ. ಊಟದ ತಟ್ಟೆಯಲ್ಲಿ ಸಕ್ಕರೆ ಅಪರೂಪದ ವಸ್ತುವಾಗಿ ಉಳಿಯಲಿಲ್ಲವೆಂಬುದೂ ಅಷ್ಟೇ ನಿಜ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆಯೆಂದೂ ಇನ್ನೂ 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿದೆ. ರೋಗದ ಹೆಸರಿನಲ್ಲಿಯೇ ಮಧು ಸೇರಿರುವುದು ವಿಪರ್ಯಾಸ. ಮಧುವನ್ನು ಬಿಟ್ಟ ಸಮಾಜಕ್ಕೂ ಮಧುಮೇಹ ಬಿಟ್ಟಿಲ್ಲ.

ಇಂಥ ಸಮಯದಲ್ಲಿ ಖರ್ಜೂರದ ಗುಣವನ್ನೂ ಮಿತಿಯನ್ನೂ ಲೆಕ್ಕದಿಂದಲೇ ತಿಳಿಯುವುದು ಲೇಸು. 100 ಗ್ರಾಂ ಖರ್ಜೂರದಲ್ಲಿ ಸುಮಾರು 280 ಕ್ಯಾಲರಿ ಶಕ್ತಿ, 63ರಿಂದ 66 ಗ್ರಾಂ ಸಕ್ಕರೆ, 7ರಿಂದ 8 ಗ್ರಾಂ ನಾರು ಇರುತ್ತವೆ. ಪೊಟ್ಯಾಸಿಯಂ ಕೂಡ ಹೇರಳವಾಗಿದೆ. ಬಿಳಿ ಸಕ್ಕರೆಯಲ್ಲಿ ನಾರೂ ಇಲ್ಲ, ಲವಣಾಂಶಗಳೂ ಇಲ್ಲ. ನಾರು ಇರುವುದರಿಂದ ಖರ್ಜೂರದ ಸಿಹಿ ರಕ್ತಕ್ಕೆ ಸೇರುವ ವೇಗ ಕಡಿಮೆ. ಆ ಮಟ್ಟಿಗೆ ಅದು ಮೇಲು. ಆದರೆ 7 ಗ್ರಾಂ ತೂಗುವ ಒಂದು ಚಿಕ್ಕ ಖರ್ಜೂರದಲ್ಲಿ ಸುಮಾರು ನಾಲ್ಕೂವರೆ ಗ್ರಾಂ ಸಕ್ಕರೆ ಇದೆ, ಅಂದರೆ ಹೆಚ್ಚುಕಡಿಮೆ ಒಂದು ಸಣ್ಣ ಚಮಚ ಸಕ್ಕರೆಯಷ್ಟು. ಮೆಡ್ಜೂಲ್ ಎಂಬ ದೊಡ್ಡ ಜಾತಿಯ ಒಂದೇ ಹಣ್ಣಿನಲ್ಲಿ 16 ಗ್ರಾಂ, ಅಂದರೆ ಮೂರು ನಾಲ್ಕು ಚಮಚ. ಚಹಕ್ಕೆ ಸಕ್ಕರೆ ಬಿಟ್ಟೆನೆಂಬ ಸಮಾಧಾನದಲ್ಲಿ ಹತ್ತು ಖರ್ಜೂರ ತಿಂದವರು ಹತ್ತು ಚಮಚದಷ್ಟು ಸಕ್ಕರೆಯನ್ನೇ ತಿಂದಂತಾಯಿತು.

ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ ಪದಾರ್ಥಗಳಿಗೆ ಬೆರೆಸುವ ಸಕ್ಕರೆ, ಪಾನಕ, ಹಣ್ಣಿನ ರಸ ಮುಂತಾದವುಗಳಿಂದ ಬರುವ ಸಕ್ಕರೆಯು ದಿನದ ಶಕ್ತಿಯ ಹತ್ತರಲ್ಲೊಂದು ಪಾಲನ್ನು ಮೀರಬಾರದು. ಅದರ ಅರ್ಧಕ್ಕೆ, ಅಂದರೆ ಸುಮಾರು 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳ್ಳೆಯದು. ಇಡಿಯಾದ ಹಣ್ಣಿನ ಸಿಹಿ ಈ ಎಣಿಕೆಯಲ್ಲಿ ಬರುವುದಿಲ್ಲ. ಆದರೆ ಹಣ್ಣನ್ನು ಹಿಂಡಿ ನಾರು ತೆಗೆದು ಮಾಡಿದ ಖರ್ಜೂರದ ಪಾಕ ಬರುತ್ತದೆ. ಸೀಸೆಯ ಮೇಲೆ ನಿಸರ್ಗದ ಸಿಹಿ ಎಂದು ಬರೆದಿದ್ದರೂ ಆ ಪಾಕ ಸಕ್ಕರೆಯ ಪಾಕಕ್ಕೆ ಸಮೀಪವಾದುದೇ.

ಸಮಂತಭದ್ರರ ಜರಡಿ

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವ್ರತವನ್ನು ವಿವರಿಸುವಾಗ ಶ್ರಾವಕನು ಬಿಡಬೇಕಾದವುಗಳನ್ನು ಕಾರಣಸಹಿತವಾಗಿ ವಿಂಗಡಿಸಿದ್ದಾರೆ. ಚಲಿಸುವ ಜೀವಿಗಳ ಘಾತವಾಗುವುದರಿಂದ ಮಾಂಸ ಮತ್ತು ಮಧು ತ್ಯಾಜ್ಯ. ಪ್ರಮಾದಕ್ಕೆ ಕಾರಣವಾಗುವುದರಿಂದ ಮದ್ಯ ತ್ಯಾಜ್ಯ. ಫಲ ಅಲ್ಪ, ಘಾತ ಬಹಳವಾದುದರಿಂದ ಗಡ್ಡೆಗೆಣಸು ಮೊದಲಾದವು ತ್ಯಾಜ್ಯ. ಇವುಗಳ ನಂತರ ಅವರು ಇನ್ನೆರಡನ್ನು ಸೇರಿಸುತ್ತಾರೆ. ಒಂದು ಅನಿಷ್ಟ, ಇನ್ನೊಂದು ಅನುಪಸೇವ್ಯ. ಅನುಪಸೇವ್ಯವೆಂದರೆ ಸಜ್ಜನರು ಸೇವಿಸಲು ತಕ್ಕದ್ದಲ್ಲದ್ದು. ಅನಿಷ್ಟವೆಂದರೆ ಪದಾರ್ಥದಲ್ಲಿ ದೋಷವಿಲ್ಲದಿದ್ದರೂ ತಿನ್ನುವವನ ಶರೀರಕ್ಕೆ ಹಿತವಲ್ಲದ್ದು.

ಖರ್ಜೂರವನ್ನು ಈ ಜರಡಿಯಲ್ಲಿ ಹಾಕಿ ನೋಡಿದರೆ ಇಂದಿನ ಗೊಂದಲ ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಮರದಲ್ಲಿ ಬೆಳೆದ ಹಣ್ಣು, ಜೇನಿನಂತೆ ಹಿಂಸೆಯಿಂದ ಬಂದುದಲ್ಲ, ಅಮಲಿನದಲ್ಲ. ಆದುದರಿಂದ ಅದು ಭಕ್ಷ್ಯ. ಆದರೆ ಹಳೆಯ ದಾಸ್ತಾನಿನಲ್ಲಿ, ವಿಶೇಷವಾಗಿ ಮಳೆಗಾಲದ ತೇವದಲ್ಲಿ, ಬೀಜದ ಸುತ್ತ ಹುಳು ಸೇರುವುದುಂಟು. ಸೀಳಿ ನೋಡದೆ ಬಾಯಿಗೆ ಹಾಕಿಕೊಂಡರೆ ಭಕ್ಷ್ಯವಾದ ಹಣ್ಣೇ ತ್ರಸಜೀವಘಾತಕ್ಕೆ ಕಾರಣವಾಗುತ್ತದೆ. ಕೆಲವು ಸಂಪ್ರದಾಯಗಳಲ್ಲಿ ಚಾತುರ್ಮಾಸದಲ್ಲಿ ಇಂಥ ಒಣಹಣ್ಣುಗಳನ್ನು ವರ್ಜಿಸುವುದರ ಹಿಂದಿನ ವಿವೇಕ ಇದೇ.

ಇನ್ನು ಮಧುಮೇಹಿಯ ವಿಷಯ. ಅವನ ಪಾಲಿಗೆ ಮಿತಿಮೀರಿದ ಖರ್ಜೂರವು ಅನಿಷ್ಟ. ಮೂತ್ರಪಿಂಡದ ಕಾಯಿಲೆಯಿಂದ ಪೊಟ್ಯಾಸಿಯಂ ಕಡಿಮೆಮಾಡಬೇಕೆಂದು ವೈದ್ಯರು ಹೇಳಿರುವವನ ಪಾಲಿಗೂ ಅನಿಷ್ಟ. ಪಕ್ಕದಲ್ಲಿ ಕುಳಿತ ದುಡಿಮೆಗಾರನಿಗೆ ಅದೇ ಹಣ್ಣು ಹಿತ. ಒಂದೇ ಪದಾರ್ಥ ಒಬ್ಬನಿಗೆ ಗ್ರಾಹ್ಯ, ಇನ್ನೊಬ್ಬನಿಗೆ ತ್ಯಾಜ್ಯ ಎಂಬ ಈ ಸೂಕ್ಷ್ಮವನ್ನು ಆಚಾರ್ಯರು ಅಂದೇ ಕಂಡಿದ್ದರು. ಇದು ಅನೇಕಾಂತದ ದೃಷ್ಟಿಯನ್ನು ಅಡುಗೆಮನೆಗೆ ತಂದಂತೆ.

ಇನ್ನೊಂದು ಸಂದೇಹವೂ ಇದೆ. ಬಾಹ್ಯ ತಪಗಳಲ್ಲಿ ರಸಪರಿತ್ಯಾಗವೊಂದು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳಲ್ಲಿ ಒಂದನ್ನೋ ಹಲವನ್ನೋ ಬಿಟ್ಟು ಉಣ್ಣುವುದು ಅದರ ಕ್ರಮ. ಸಿಹಿ ಬಿಟ್ಟ ದಿನ ಸಕ್ಕರೆ ಹಾಕದ ಖರ್ಜೂರದ ಉಂಡಿ ತಿನ್ನಬಹುದೇ ಎಂದು ಕೇಳುವವರಿದ್ದಾರೆ. ವ್ರತದ ನಿಯಮವನ್ನು ಆಯಾ ಗುರುಗಳಿಂದ ಕೇಳಿ ತಿಳಿಯುವುದೇ ಕ್ರಮ. ಆದರೆ ಈ ತಪದ ಗುರಿ ನಾಲಿಗೆಯ ಮೇಲಿನ ಜಯ. ನಾಲಿಗೆಗೆ ಅದೇ ಸುಖವನ್ನು ಬೇರೆ ಹೆಸರಿನಿಂದ ಒದಗಿಸಿದರೆ ಪದಾರ್ಥ ಬದಲಾಯಿತೇ ವಿನಾ ಆಸಕ್ತಿ ಬದಲಾಗಲಿಲ್ಲ.

ಮನೆ ಮತ್ತು ಬಸದಿ

ಭೋಗೋಪಭೋಗ ಪರಿಮಾಣದಲ್ಲಿ ಯಮ, ನಿಯಮ ಎಂದು ಎರಡು ಬಗೆ. ಜೀವಾವಧಿಯದು ಯಮ, ಕಾಲಮಿತಿಯದು ನಿಯಮ. ದಿನಕ್ಕೆ ಇಷ್ಟೇ ಖರ್ಜೂರ, ಹಗಲಿನಲ್ಲಿಯೇ, ಸೀಳಿ ಶೋಧಿಸಿ, ಸಕ್ಕರೆಗೆ ಬದಲಾಗಿಯೇ ಹೊರತು ಸಕ್ಕರೆಯ ಮೇಲೆ ಅಲ್ಲ ಎಂದು ಒಂದು ತಿಂಗಳ ನಿಯಮ ಮಾಡಿಕೊಳ್ಳುವುದು ಯಾವ ಗೃಹಸ್ಥನಿಗೂ ಕಷ್ಟವಲ್ಲ. ಆರೋಗ್ಯವಂತರಿಗೆ ದಿನಕ್ಕೆ ಎರಡು ಮೂರು ಚಿಕ್ಕ ಹಣ್ಣು ಸಾಕು. ಮಧುಮೇಹವಿರುವವರು ವೈದ್ಯರನ್ನು ಕೇಳಿಯೇ ಸಂಖ್ಯೆ ಗೊತ್ತುಮಾಡಿಕೊಳ್ಳಬೇಕು. ಹಲ್ಲಿಗೆ ಅಂಟುವ ಹಣ್ಣಾದುದರಿಂದ ಮಕ್ಕಳು ತಿಂದ ಮೇಲೆ ಬಾಯಿ ಮುಕ್ಕಳಿಸುವ ರೂಢಿ ಇರಬೇಕು.

ಬಸದಿಯ ಟ್ರಸ್ಟುಗಳ ಹೊಣೆ ಇನ್ನೂ ದೊಡ್ಡದು. ದಶಲಕ್ಷಣ ಪರ್ವದ ನಂತರದ ಸಾಮೂಹಿಕ ಪಾರಣೆ, ಪಾಠಶಾಲೆಯ ಉಪಾಹಾರ, ಪಂಚಕಲ್ಯಾಣದ ಭೋಜನಶಾಲೆ ಇವೆಲ್ಲ ಟ್ರಸ್ಟುಗಳ ಕೈಯಲ್ಲಿವೆ. ಇಂಥ ಪಂಕ್ತಿಗಳಲ್ಲಿ ಎರಡು ಮೂರು ಬಗೆಯ ಸಿಹಿ ಬಡಿಸುವುದು ಔದಾರ್ಯದ ಲಕ್ಷಣವೆಂದು ಎಣಿಸಲಾಗುತ್ತಿದೆ. ಉಪವಾಸ ಮುಗಿಸಿದವರಿಗೆ ಹೆಸರುಬೇಳೆಯ ತಿಳಿಯ ಜೊತೆಗೆ ಶೋಧಿಸಿದ ಒಂದೆರಡು ಖರ್ಜೂರ ಕೊಟ್ಟರೆ ಹಿತವೂ ಆಗುತ್ತದೆ, ಪರಂಪರೆಗೂ ಒಪ್ಪುತ್ತದೆ. ಸಿಹಿ ಬೇಡವೆಂದವರ ಎಲೆಗೆ ಒತ್ತಾಯದಿಂದ ಬಡಿಸುವ ಉಪಚಾರವನ್ನು ನಿಲ್ಲಿಸಿದರೆ ಎಷ್ಟೋ ರೋಗಿಗಳಿಗೆ ಉಪಕಾರವಾಗುತ್ತದೆ. ಹಿತವಲ್ಲದ್ದನ್ನು ಪ್ರೀತಿಯಿಂದ ಬಡಿಸಿದರೂ ಅದು ಹಿತವಾಗುವುದಿಲ್ಲ.

ಮಾನ್ಯಖೇಟವು 972ರಲ್ಲಿ ಪರಮಾರರ ದಾಳಿಗೆ ತುತ್ತಾಯಿತು. ಅಲ್ಲಿಗೆ ಹತ್ತು ವರ್ಷಗಳ ಮೇಲೆ, 982ರಲ್ಲಿ, ಆ ವಂಶದ ನಾಲ್ಕನೆಯ ಇಂದ್ರನು ಶ್ರವಣಬೆಳಗೊಳದಲ್ಲಿ ಆಹಾರವನ್ನು ತ್ಯಜಿಸಿ ಸಲ್ಲೇಖನದಿಂದ ದೇಹವಿಟ್ಟನು. ಅಂಥ ಮಹಾತ್ಯಾಗ ಎಲ್ಲರಿಗೂ ಸಾಧ್ಯವಲ್ಲ, ಗೃಹಸ್ಥನಿಂದ ಧರ್ಮವು ಅದನ್ನು ನಿತ್ಯವೂ ಕೇಳುವುದೂ ಇಲ್ಲ. ಅದು ಕೇಳುವುದು ಪರಿಮಾಣವನ್ನು. ಉಗ್ರಾದಿತ್ಯರ ಕಾಲದಲ್ಲಿ ಜೇನನ್ನು ಬಿಟ್ಟದ್ದು ಬೇರೆ ಜೀವಿಗಳ ಮೇಲಿನ ದಯೆಯಿಂದ. ಇಂದು ಮೂರನೆಯ ಖರ್ಜೂರಕ್ಕೆ ಕೈಯನ್ನು ತಡೆಯುವುದು ತನ್ನ ಶರೀರದ ಮೇಲಿನ ದಯೆಯಿಂದ. ಎರಡೂ ಒಂದೇ ಅಹಿಂಸೆಯ ಶಾಖೆಗಳು.